ಮಸ್ಕಿ: ಬಂಡೆಯ ಮೇಲಿನ ಹೆಸರು, ಮಣ್ಣಿನೊಳಗಿನ ಊರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಸೀಮೆಯನ್ನು ಮಧ್ಯಕಾಲದ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ; ಆಧುನಿಕ ಚರಿತ್ರಕಾರರು ಅದನ್ನೇ ರಾಯಚೂರು ದೋಆಬ್ ಎಂದಿದ್ದಾರೆ. ಈ ಸೀಮೆಯಲ್ಲಿ, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ಮೇಲೆ, ದುರ್ಗದ ಗುಡ್ಡವೆಂಬ ಕಲ್ಲುಬೆಟ್ಟದ ಬುಡದಲ್ಲಿ, ತುಂಗಭದ್ರೆಯತ್ತ ಹರಿಯುವ ಹಳ್ಳದ ದಡದಲ್ಲಿ ಇರುವ ಮಸ್ಕಿ ಪಟ್ಟಣವು ಭಾರತದ ಇತಿಹಾಸವನ್ನು ಹೇಳುವ ಎಲ್ಲ ಮುಖ್ಯ ಗ್ರಂಥಗಳಲ್ಲಿಯೂ ಒಂದು ವಾಕ್ಯದಷ್ಟಾದರೂ ಜಾಗ ಪಡೆದಿದೆ. ಆದರೆ ಬಹುತೇಕ ಗ್ರಂಥಗಳಲ್ಲಿ ಅದರ ಕಥೆ ಆ ಒಂದು ವಾಕ್ಯದಲ್ಲಿಯೇ ಮುಗಿದುಹೋಗುತ್ತದೆ. ಅಶೋಕ ಎಂಬ ವ್ಯಕ್ತಿನಾಮವನ್ನು ಹೊತ್ತ ಧರ್ಮಲಿಪಿ ಮೊದಲು ಸಿಕ್ಕ ಸ್ಥಳ ಎಂಬುದು ಆ ವಾಕ್ಯ. ಅದು ನಿಜವಾದ ಮಾತು, ದೊಡ್ಡ ಮಾತು. ಆದರೂ ಮಸ್ಕಿಯ ಪರಂಪರೆಯನ್ನು ಆ ಮಾತಿಗಷ್ಟೇ ಕಟ್ಟಿಹಾಕುವುದು ಆ ಊರಿಗೆ ಮಾಡಿದ ಅನ್ಯಾಯ. ಚಕ್ರವರ್ತಿಯ ಲಿಪಿಕಾರನು ಉಳಿ ಹಿಡಿದು ಈ ಗುಡ್ಡವನ್ನು ಹತ್ತಿದಾಗ ಇಲ್ಲಿ ಜನವಸತಿ ಆರಂಭವಾಗಿ ಎರಡು ಸಾವಿರ ವರ್ಷಗಳಾದರೂ ಕಳೆದಿದ್ದವು. ದನ ಕಾಯುವವರು, ಕಲ್ಲನ್ನು ಸೀಳಿ ಅಲಗು ಮಾಡುವವರು, ಮಣಿ ಕೊರೆಯುವವರು, ಕಬ್ಬಿಣ ಕಾಯಿಸುವವರು, ಬಂಡೆಯೊಳಗಿನ ಚಿನ್ನವನ್ನು ಬೆಂಕಿಯಿಂದ ಬಿಡಿಸುವವರು ಕಟ್ಟಿದ ಹಳೆಯ ಊರಿಗೆ ಶಾಸನವು ತಡವಾಗಿ ಬಂದು ಸೇರಿತು. ಆ ಹಳೆಯ ಊರನ್ನು ಮುಂದಿಟ್ಟುಕೊಂಡು ಶಾಸನವನ್ನು ಓದಿದರೆ ಎರಡೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ ಎಂಬುದು ಈ ಉಪನ್ಯಾಸದ ನಿಲುವು.

ಮೊದಲು ನೆಲದ ವಿಚಾರ. ರಾಯಚೂರು ಜಿಲ್ಲೆಯ ಬಹುಭಾಗ ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಗಳಿಂದಾದದ್ದು. ಈ ಶಿಲೆಗಳು ಬಿಸಿಲು ಮಳೆಗೆ ಸಿಡಿದು, ಒಂದರ ಮೇಲೊಂದು ಗುಂಡುಗಳನ್ನು ಪೇರಿಸಿಟ್ಟಂತಹ ಗುಡ್ಡಗಳಾಗಿ ನಿಂತಿವೆ. ಇವುಗಳ ನಡುವೆ ಷಿಸ್ಟ್ ಎಂಬ, ಪದರಪದರವಾಗಿ ಸೀಳುವ ಬಹು ಪ್ರಾಚೀನ ಶಿಲೆಯ ಪಟ್ಟಿಗಳು ಹಾದುಹೋಗಿವೆ, ಮತ್ತು ಭೂವಿಜ್ಞಾನಿಗಳು ಹಟ್ಟಿ-ಮಸ್ಕಿ ಪಟ್ಟಿಯೆಂದು ಹೆಸರಿಸಿರುವ ಇಂತಹ ಒಂದು ಪಟ್ಟಿಯ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿದೆ. ಗುಡ್ಡದ ಸಂದುಗಳಲ್ಲಿ ನಿಂತ ಮಳೆನೀರು, ಬುಡದಲ್ಲಿ ದನಗಳಿಗೆ ಮೇವು, ಸ್ವಲ್ಪ ದೂರದಲ್ಲಿ ಎರೆಭೂಮಿ ಎಂದು ರೈತರು ಕರೆಯುವ ಕಪ್ಪು ಮಣ್ಣು, ಕೈಗೆಟುಕುವ ಆಳದಲ್ಲಿ ಲೋಹ: ಇವೆಲ್ಲವೂ ಒಂದು ಹಗಲಿನ ನಡಿಗೆಯ ದೂರದಲ್ಲಿ ಸಿಗುವ ಸ್ಥಳಗಳು ದಖ್ಖನ್ನಿನಲ್ಲಿ ಹೆಚ್ಚಿಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಮನುಷ್ಯವಸತಿ ಇಷ್ಟು ದೀರ್ಘಕಾಲ ಹಿಡಿದು ನಿಂತದ್ದು ಈ ಕೂಡುವಿಕೆಯಿಂದಲೇ.

ಮಸ್ಕಿಯ ಪ್ರಾಚೀನತೆಯನ್ನು ಮೊದಲು ಗುರುತಿಸಿದವರು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಚೆನ್ನೈ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಪತ್ತೆಮಾಡಿ ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ ಅಡಿಪಾಯ ಹಾಕಿದ ಅವರು 1870ರಲ್ಲಿಯೂ ಮತ್ತೆ 1888ರಲ್ಲಿಯೂ ಮಸ್ಕಿಗೆ ಬಂದು ಕಲ್ಲಿನ ಉಪಕರಣಗಳನ್ನು ಸಂಗ್ರಹಿಸಿದರು; ಅಂದರೆ ಶಾಸನ ಸಿಗುವುದಕ್ಕೆ ನಾಲ್ಕು ದಶಕಗಳಿಗೂ ಮೊದಲೇ ಈ ಊರು ವಿದ್ವತ್ ಲೋಕಕ್ಕೆ ಪರಿಚಯವಾಗಿತ್ತು. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ 1935ರಿಂದ 1937ರವರೆಗೆ ಇಲ್ಲಿ ಅಗೆಸಿತು. ಸ್ವಾತಂತ್ರ್ಯಾನಂತರ, 1954ರಲ್ಲಿ, ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಬಿ.ಕೆ. ಥಾಪರ್ ಅವರು ಕ್ರಮಬದ್ಧವಾದ ಉತ್ಖನನ ನಡೆಸಿ ಅದರ ವರದಿಯನ್ನು ಸರ್ವೇಕ್ಷಣೆಯ ನಿಯತಕಾಲಿಕದಲ್ಲಿ 1957ರಲ್ಲಿ ಪ್ರಕಟಿಸಿದರು. ಮಸ್ಕಿಯ ಬಗ್ಗೆ ಇಂದು ಆಡುವ ಬಹುಪಾಲು ಮಾತುಗಳು ಈ ವರದಿಯ ತಳಹದಿಯ ಮೇಲೆಯೇ ನಿಂತಿವೆ.

ಥಾಪರ್ ಅವರು ನಾಲ್ಕು ಸಾಂಸ್ಕೃತಿಕ ಘಟ್ಟಗಳನ್ನು ಗುರುತಿಸಿದರು. ಮೊದಲನೆಯದು ತಾಮ್ರಶಿಲಾ ಸಂಸ್ಕೃತಿ, ಅಂದರೆ ಕಲ್ಲಿನ ಉಪಕರಣಗಳ ಜೊತೆಗೆ ಅಲ್ಪ ಪ್ರಮಾಣದಲ್ಲಿ ತಾಮ್ರವನ್ನೂ ಬಳಸುತ್ತಿದ್ದ ಕಾಲ. ಇದರಲ್ಲಿ ಚರ್ಟ್, ಅಗೇಟ್, ಕಾರ್ನೀಲಿಯನ್ ಮುಂತಾದ ನುಣುಪು ಕಲ್ಲುಗಳಿಂದ ಸೀಳಿ ತೆಗೆದ ತೆಳು ಅಲಗುಗಳೂ, ಅವೇ ಕಲ್ಲುಗಳಿಂದ ಮತ್ತು ಚಿಪ್ಪಿನಿಂದ ಮಾಡಿದ ಮಣಿಗಳೂ, ಬೂದು ಬಣ್ಣದ ಮಡಕೆಗಳೂ ದೊರೆತವು. ಎರಡನೆಯದು ಬೃಹತ್ ಶಿಲಾ ಸಂಸ್ಕೃತಿ. ಸತ್ತವರಿಗಾಗಿ ಕಲ್ಲುಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸುವ, ಕಬ್ಬಿಣದ ಆಯುಧಗಳನ್ನು ಬಳಸುವ, ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆಗಳನ್ನು ಸುಡುವ ಜನರ ಕಾಲ. ಮೂರನೆಯದು ಇತಿಹಾಸ ಯುಗದ ಆರಂಭ, ಇದರ ಗುರುತು ಕೆಂಗಂದು ಲೇಪದ ಮೇಲೆ ಬಿಳಿ ಗೆರೆಗಳ ಚಿತ್ತಾರವಿರುವ ಮಡಕೆ. ನಾಲ್ಕನೆಯದು, ನಡುವೆ ದೀರ್ಘವಾದ ಬಿಡುವಿನ ನಂತರ ಬರುವ ಮಧ್ಯಕಾಲ.

ಈ ಘಟ್ಟಗಳಿಗೆ ವರ್ಷಗಳನ್ನು ಹೊಂದಿಸಿದ ರೀತಿ ಮಾತ್ರ ವಿಶೇಷ ಗಮನಕ್ಕೆ ಅರ್ಹವಾಗಿದೆ, ಏಕೆಂದರೆ ಮಸ್ಕಿಯ ಕಾಲಗಣನೆಯ ಒಂದು ತುದಿ ಇಟಲಿಗೆ ಹೋಗಿ ಮುಟ್ಟುತ್ತದೆ. ಸರ್ ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಉತ್ಖನನ ನಡೆಸಿದಾಗ ಅರೆಟೈನ್ ಎಂಬ ಹೊಳಪುಗೆಂಪಿನ ಇಟಾಲಿಯನ್ ಮಡಕೆಯ ಚೂರುಗಳು ಸಿಕ್ಕವು. ಟಸ್ಕನಿಯ ಅರೆತ್ಸೊ ನಗರದಿಂದ ಹೆಸರು ಪಡೆದ ಈ ಬಗೆಯ ಮಡಕೆಯನ್ನು ದಕ್ಷಿಣ ಇಟಲಿಯ ನೇಪಲ್ಸ್ ಕೊಲ್ಲಿಯ ದಡದ ಪುತಿಯೋಲಿಯಲ್ಲಿಯೂ ತಯಾರಿಸುತ್ತಿದ್ದರು. ಇಂದು ಪೊತ್ಸುವೋಲಿ ಎಂದು ಕರೆಯಲಾಗುವ ಆ ಬಂದರು ಪೂರ್ವದೇಶಗಳ ಸರಕು ರೋಮ್ ಸಾಮ್ರಾಜ್ಯಕ್ಕೆ ಇಳಿಯುತ್ತಿದ್ದ ಮುಖ್ಯ ಬಾಗಿಲಾಗಿತ್ತು. ಅದೇ ಕೊಲ್ಲಿಯ ಹಿಂದಿನ ಕಂಪಾನಿಯ ಸೀಮೆಯ ದ್ರಾಕ್ಷಾರಸವನ್ನು ಹೊತ್ತುತಂದ ಎರಡು ಹಿಡಿಯ ಮಣ್ಣಿನ ಜಾಡಿಗಳ ಚೂರುಗಳೂ ಅರಿಕಮೇಡುವಿನಲ್ಲಿವೆ. ಇಟಲಿಯಲ್ಲಿ ಅರೆಟೈನ್ ಮಡಕೆಯ ಕಾಲ ಖಚಿತವಾಗಿ ಗೊತ್ತಿದ್ದುದರಿಂದ ಅರಿಕಮೇಡುವಿನ ಪದರಗಳಿಗೆ ಕಾಲ ಸಿಕ್ಕಿತು. ಅಲ್ಲಿನ ಸ್ಥಳೀಯ ಮಡಕೆಗಳ ಜೊತೆ ಹೋಲಿಸಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳ ಆಧಾರವನ್ನೂ ಸೇರಿಸಿ, ವೀಲರ್ ಅವರು 1947ರಲ್ಲಿ ಬ್ರಹ್ಮಗಿರಿಯ ಉತ್ಖನನಕ್ಕೆ ಕಾಲ ಕಟ್ಟಿದರು. ಬ್ರಹ್ಮಗಿರಿಯ ಮಡಕೆಗಳ ಜೊತೆ ಹೋಲಿಸಿ ಥಾಪರ್ ಅವರು ಮಸ್ಕಿಗೆ ಕಾಲ ಕಟ್ಟಿದರು. ಹೀಗೆ ಕೈಯಿಂದ ಕೈಗೆ ಬಂದ ಲೆಕ್ಕದಲ್ಲಿ ಮಸ್ಕಿಯ ಬೃಹತ್ ಶಿಲಾ ಘಟ್ಟ ಕ್ರಿ.ಪೂ. 200ರ ಸುಮಾರಿಗೆ ಆರಂಭವಾಗುತ್ತದೆಂದೂ, ಅದರ ಹಿಂದಿನ ತಾಮ್ರಶಿಲಾ ವಸತಿ ಕ್ರಿ.ಪೂ. ಮೊದಲನೆಯ ಸಹಸ್ರಮಾನವನ್ನು ದಾಟಿ ಹಿಂದಕ್ಕೆ ಹೋಗುವುದಿಲ್ಲವೆಂದೂ ತೀರ್ಮಾನವಾಯಿತು.

ಆ ಲೆಕ್ಕದ ಪರಿಣಾಮ ಸಣ್ಣದಲ್ಲ. ಅದನ್ನು ಒಪ್ಪಿದರೆ ಅಶೋಕನ ಅಧಿಕಾರಿಗಳು ಬಂದಾಗ ಎಡೆದೊರೆ ನಾಡಿನ ಜನ ಇನ್ನೂ ಕಲ್ಲಿನ ಕೊಡಲಿ ಹಿಡಿದಿದ್ದರು, ಕಬ್ಬಿಣವೂ ಊರು ಕಟ್ಟುವ ಕೌಶಲವೂ ಉತ್ತರದಿಂದ ಸಾಮ್ರಾಜ್ಯದ ಬೆನ್ನಿಗೆ ಬಂದವು ಎಂದಾಗುತ್ತದೆ. ಈ ಚಿತ್ರವನ್ನು ಮುಂದಿನ ದಶಕಗಳ ಸಂಶೋಧನೆ ಮೂಲದಿಂದಲೇ ಬದಲಾಯಿಸಿತು. ರೇಡಿಯೊ ಕಾರ್ಬನ್ ವಿಧಾನ, ಅಂದರೆ ಸುಟ್ಟ ಕಟ್ಟಿಗೆ ಅಥವಾ ಮೂಳೆಯಲ್ಲಿ ಉಳಿದಿರುವ ಇಂಗಾಲದ ವಿಕಿರಣಶೀಲ ಅಂಶವನ್ನು ಅಳೆದು ಕಾಲವನ್ನು ತಿಳಿಯುವ ಕ್ರಮ, ದಖ್ಖನ್ನಿನ ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ ಅವರು 1952ರಲ್ಲಿ ನಡೆಸಿದ ಉತ್ಖನನ, ಬಳಿಕ ಉಟ್ನೂರಿನಲ್ಲಿ ಅವರೇ ಬೂದಿದಿಬ್ಬವನ್ನು ಸೀಳಿ ನೋಡಿದ ಕೆಲಸ, 1990ರ ದಶಕದಲ್ಲಿ ರಾಯಚೂರು ಜಿಲ್ಲೆಯ ವಟಗಲ್‌ನಲ್ಲಿ ನಡೆದ ಉತ್ಖನನ ಇವುಗಳಿಂದ ಈ ಸೀಮೆಯ ಆದಿ ರೈತರ ಮತ್ತು ದನಗಾಹಿಗಳ ಬದುಕು ತಕ್ಕಮಟ್ಟಿಗೆ ತಿಳಿದುಬಂದಿದೆ. ಕಬ್ಬಿಣದ ಬಳಕೆಯೂ ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ಕಡೆಗಳ ಆಧಾರದಿಂದ ಅಶೋಕನಿಗಿಂತ ಏಳೆಂಟು ಶತಮಾನಗಳಷ್ಟಾದರೂ ಹಿಂದಕ್ಕೆ ಸರಿದಿದೆ. ಇಟಲಿಯ ಮಡಕೆಯನ್ನು ಅಳತೆಗೋಲು ಮಾಡಿಕೊಂಡದ್ದರಲ್ಲಿ ವೀಲರ್ ಮತ್ತು ಥಾಪರ್ ಅವರ ದೋಷವೇನೂ ಇರಲಿಲ್ಲ. ಆಗ ಕೈಯಲ್ಲಿದ್ದ ಖಚಿತ ಅಳತೆ ಅದೊಂದೇ. ಆದರೆ ಆ ಕಾಲಗಣನೆ ಬಿದ್ದುಹೋದ ಮೇಲೆಯೂ ಅದರಿಂದ ಹುಟ್ಟಿದ ಭಾವನೆ, ಮೌರ್ಯರು ಬಂದ ಮೇಲೆಯೇ ಈ ನಾಡಿಗೆ ನಾಗರಿಕತೆ ಬಂತೆಂಬ ಭಾವನೆ, ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿರುವುದು ವಿಷಾದದ ಸಂಗತಿ.

ಬೂದಿದಿಬ್ಬಗಳ ಬಗ್ಗೆ ಇಲ್ಲಿ ಒಂದೆರಡು ಮಾತು ಅಗತ್ಯ. ರಾಯಚೂರು, ಬಳ್ಳಾರಿ, ಯಾದಗಿರಿ, ಕೊಪ್ಪಳ ಜಿಲ್ಲೆಗಳಲ್ಲಿ ಕಾಣುವ ಈ ದಿಬ್ಬಗಳನ್ನು ಜನರು ರಾಕ್ಷಸರನ್ನು ಸುಟ್ಟ ಬೂದಿಯೆಂದೂ, ವಾಲಿಯ ಚಿತೆಯೆಂದೂ ನಂಬಿಕೊಂಡು ಬಂದಿದ್ದಾರೆ. ವಿದ್ವಾಂಸರು ಒಂದು ಕಾಲದಲ್ಲಿ ಕಬ್ಬಿಣ ಕರಗಿಸಿದ ಕಿಟ್ಟವೆಂದೂ ಊಹಿಸಿದ್ದರು. ಅವು ನವಶಿಲಾಯುಗದ ಜನ ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದವು ಎಂಬುದನ್ನು ಉಟ್ನೂರಿನ ಆಧಾರದ ಮೇಲೆ ಆಲ್ಚಿನ್ ಅವರು 1963ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ವಿಸ್ತಾರವಾದ ಉತ್ಖನನ ಆ ದೊಡ್ಡಿಗಳ ಪಕ್ಕದಲ್ಲಿಯೇ ಮನೆಗಳಿದ್ದುದನ್ನೂ ದೃಢಪಡಿಸಿತು. ಸಗಣಿಗೆ ಬೆಂಕಿ ಕೊಟ್ಟದ್ದು ಬರೀ ಕಸ ಸುಡುವ ಕೆಲಸವಾಗಿರದೆ ಋತುಮಾನಕ್ಕೆ ಸೇರಿದ ಆಚರಣೆಯಾಗಿದ್ದಿರಬಹುದೆಂಬ ಆಲ್ಚಿನ್ ಅವರ ಸೂಚನೆ, ಸಂಕ್ರಮಣದ ದಿನ ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ಅಪರಿಚಿತವೆನಿಸದು.

ಚಿನ್ನದ ವಿಚಾರ ಇದಕ್ಕಿಂತ ಹೆಚ್ಚು ಮುಖ್ಯ. ಪ್ರಾಚೀನ ಗಣಿಗಾರರು ಬಂಡೆಯ ಮೈಗೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ತಣ್ಣೀರು ಎರಚಿ, ಅದು ಬಿರಿದಾಗ ಚೂರುಗಳನ್ನು ಕಿತ್ತು ಮೇಲಕ್ಕೆ ತರುತ್ತಿದ್ದರು; ಆ ಚೂರುಗಳನ್ನು ಗುಡ್ಡದ ಬಂಡೆಗಳಲ್ಲಿಯೇ ತೋಡಿದ ಕುಳಿಗಳಲ್ಲಿ ಕುಟ್ಟಿ, ಅರೆದು, ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಆಧುನಿಕ ಗಣಿಗಾರಿಕೆ ಆರಂಭವಾದಾಗ 600 ಅಡಿಗೂ ಮೀರಿದ ಆಳದಲ್ಲಿ ಹಳೆಯ ಗಣಿಗಳ ಕುರುಹು ಎದುರಾದವು, ಅಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು 2,000 ವರ್ಷ ಹಿಂದಿನವೆಂದು ರೇಡಿಯೊ ಕಾರ್ಬನ್ ಪರೀಕ್ಷೆಯಿಂದ ತಿಳಿಯಿತು. ಪಂಪುಗಳಿಲ್ಲದೆ, ಗಾಳಿಯ ಯಂತ್ರಗಳಿಲ್ಲದೆ, ಹೊಗೆ ತುಂಬಿದ ಕತ್ತಲೆಯಲ್ಲಿ ಅಷ್ಟು ಆಳಕ್ಕೆ ಇಳಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. 1947ರಲ್ಲಿ ಸ್ಥಾಪನೆಯಾದ ಹಟ್ಟಿ ಚಿನ್ನದ ಗಣಿ ಕಂಪನಿ ಇಂದಿಗೂ ಅದೇ ಶಿಲಾಪಟ್ಟಿಯಲ್ಲಿ ಕೆಲಸ ಮಾಡುತ್ತಿದೆ, ಮತ್ತು 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಗಣಿ ಚಿನ್ನದ ಬಹುಪಾಲು ಇಲ್ಲಿಂದಲೇ ಬರುತ್ತಿದೆ.

ಶಾಸನ ಸಿಕ್ಕದ್ದೂ ಚಿನ್ನದ ಹುಡುಕಾಟದಿಂದಲೇ. 1915ರ ಜನವರಿಯಲ್ಲಿ ಹೈದರಾಬಾದ್ ಸಂಸ್ಥಾನದ ಈ ಭಾಗದಲ್ಲಿ ಚಿನ್ನದ ಅದಿರು ಅರಸುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಅದರ ಹಿಂದಿನ ವರ್ಷ, 1914ರಲ್ಲಿ, ಗುಲಾಂ ಯಜ್ದಾನಿ ಅವರ ಮುಖ್ಯಸ್ಥಿಕೆಯಲ್ಲಿ ಹೈದರಾಬಾದಿನ ಪುರಾತತ್ತ್ವ ಇಲಾಖೆ ಆರಂಭವಾಗಿದ್ದುದು ಒಂದು ಸುಯೋಗ. ಆ ಇಲಾಖೆಯ ಗ್ರಂಥಮಾಲೆಯ ಮೊದಲನೆಯ ಪ್ರಕಟಣೆಯಾಗಿ, ಎಚ್. ಕೃಷ್ಣಶಾಸ್ತ್ರಿಗಳು ಓದಿ ಸಂಪಾದಿಸಿದ ಮಸ್ಕಿ ಶಾಸನವು 1915ರಲ್ಲಿಯೇ ಬೆಳಕಿಗೆ ಬಂತು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಇದು ಲಘು ಶಿಲಾಶಾಸನಗಳ ವರ್ಗಕ್ಕೆ ಸೇರಿದ್ದು, ಅಂದರೆ ಹದಿನಾಲ್ಕು ಕಟ್ಟಳೆಗಳ ದೊಡ್ಡ ಶಿಲಾಶಾಸನಗಳಿಗಿಂತ ಹಿಂದೆ, ಅಶೋಕನು ಬೌದ್ಧ ಧರ್ಮದ ಕಡೆಗೆ ತಿರುಗಿದ ಆರಂಭದ ವರ್ಷಗಳಲ್ಲಿ ಹೊರಡಿಸಿದ ಕಿರು ಘೋಷಣೆಗಳಲ್ಲಿ ಒಂದು.

ಇದರ ಮಹತ್ತ್ವ ತಿಳಿಯಲು ಅಂದಿನ ವಿದ್ವತ್ತಿನ ಸ್ಥಿತಿಯನ್ನು ನೆನೆಯಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿ ಮುಗಿಸಿದಾಗ ಕಂಡದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ರಾಜನನ್ನು. ದೇವತೆಗಳಿಗೆ ಪ್ರಿಯನಾದವನು, ನೋಟಕ್ಕೆ ಹಿತವಾದವನು ಎಂಬ ಈ ಬಿರುದುಗಳ ಹಿಂದಿನ ಮನುಷ್ಯ ಯಾರೆಂಬುದು ಶಾಸನಗಳಿಂದ ತಿಳಿಯುತ್ತಿರಲಿಲ್ಲ. ಶ್ರೀಲಂಕೆಯಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅವರು ಅಲ್ಲಿನ ಪಾಲಿ ಇತಿಹಾಸ ಕಾವ್ಯಗಳಲ್ಲಿ ಆ ಹೆಸರು ಚಂದ್ರಗುಪ್ತನ ಮೊಮ್ಮಗ ಅಶೋಕನಿಗೆ ಸಲ್ಲುವುದನ್ನು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಸುಮಾರು ಎಂಟು ದಶಕಗಳ ಕಾಲ ವಿದ್ವಾಂಸರು ಈ ಗುರುತಿಸುವಿಕೆಯನ್ನು ಒಪ್ಪಿ ನಡೆದರೂ ಅದು ಗ್ರಂಥಗಳ ಮೂಲಕ ಬಂದ ಊಹೆಯಾಗಿಯೇ ಉಳಿದಿತ್ತು. ಮಸ್ಕಿಯ ಬಂಡೆ ತನ್ನ ಮೊದಲ ಸಾಲಿನಲ್ಲಿಯೇ ದೇವಾನಾಂಪ್ರಿಯ ಅಶೋಕನ ಎಂಬ ಷಷ್ಠೀ ವಿಭಕ್ತಿಯ ರೂಪವನ್ನು ಹೊತ್ತು ಆ ಊಹೆಯನ್ನು ನಿಶ್ಚಯ ಮಾಡಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ತುಂಗಭದ್ರೆಯ ಆಚೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೊಳಗಳಲ್ಲಿಯೂ ಅಶೋಕನ ಹೆಸರಿರುವ ಪಾಠಗಳು ಸಿಕ್ಕವು. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಶಿಲ್ಪಫಲಕದಲ್ಲಿ ಪರಿವಾರದೊಡನೆ ನಿಂತ ರಾಜನ ಚಿತ್ರದ ಮೇಲೆ ಅಶೋಕರಾಜನೆಂದೇ ಬರೆದಿರುವುದು ಸಿಕ್ಕ ಮೇಲೆ, ಆ ಹೆಸರು ಮತ್ತು ಆ ಮುಖ ಎರಡನ್ನೂ ಉಳಿಸಿಕೊಟ್ಟ ಕೀರ್ತಿ ಕನ್ನಡ ನಾಡಿನ ಈಶಾನ್ಯ ಭಾಗಕ್ಕೆ ಸಂದಿದೆ.

ಹೆಸರಿನ ಮಾತು ಇಷ್ಟು ದೊಡ್ಡದಾದುದರಿಂದ ಶಾಸನ ಹೇಳುವ ವಿಷಯ ಹಿಂದೆ ಸರಿದಿದೆ. ತಾನು ಬುದ್ಧಶಾಕ್ಯನಾಗಿ ಎರಡೂವರೆ ವರ್ಷಗಳು ಕಳೆದವೆಂದು ಅಶೋಕನು ಇಲ್ಲಿ ಹೇಳಿಕೊಳ್ಳುತ್ತಾನೆ. ಇತರ ಕಡೆಗಳ ಪಾಠಗಳಲ್ಲಿ ಈ ಸ್ಥಾನದಲ್ಲಿ ಉಪಾಸಕ, ಅಂದರೆ ಗೃಹಸ್ಥ ಅನುಯಾಯಿ, ಎಂಬ ಮಾತಿದ್ದು, ಮಸ್ಕಿಯಲ್ಲಿ ಮಾತ್ರ ಬುದ್ಧನ ನಂಟನ್ನು ನೇರವಾಗಿ ಹೇಳುವ ಮಾತಿದೆ. ಸಂಘವನ್ನು ಸೇರಿ ಶ್ರಮಿಸಿದ ಮೇಲೆ ಜಂಬೂದ್ವೀಪದಲ್ಲಿ ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಬೆರೆತರೆಂದು ತಿಳಿಸಿ, ಈ ಫಲವು ದೊಡ್ಡವರಿಗಷ್ಟೇ ಸಿಗುವುದೆಂದು ಭಾವಿಸಬಾರದು, ಧರ್ಮದಲ್ಲಿ ನಿರತನಾದ ಸಣ್ಣವನೂ ಇದನ್ನು ಪಡೆಯಬಲ್ಲ, ಆದ್ದರಿಂದ ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಯಹೇಳಬೇಕು ಎಂಬುದು ಉಳಿದ ಭಾಗದ ತಾತ್ಪರ್ಯ. ಗಣಿಯ ಆಳಕ್ಕಿಳಿಯುವವರೂ ದನ ಕಾಯುವವರೂ ಇದ್ದ ಊರಿನ ಗುಡ್ಡದ ಮೇಲೆ ಈ ಮಾತನ್ನು ಕಂಡರಿಸಿದ್ದನ್ನು ನೆನೆದಾಗ, ಅದೇ ಪಾಠ ಬೇರೆಡೆಯೂ ಇದೆಯೆಂಬುದು ತಿಳಿದಿದ್ದರೂ, ಅದಕ್ಕೆ ಇಲ್ಲಿ ಬೇರೊಂದು ತೂಕ ಬರುತ್ತದೆ.

ಆದರೆ ಅದನ್ನು ಇಲ್ಲಿನ ಜನ ಹೇಗೆ ಕೇಳಿಸಿಕೊಂಡರು? ಪ್ರಾಕೃತವು ಅವರ ಮನೆಮಾತಾಗಿರಲಿಲ್ಲ, ಅಕ್ಷರವಂತೂ ಹೊಸತು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನವು ರಾಜುಕರೆಂಬ ಅಧಿಕಾರಿಗಳು ಭೇರಿ ಬಾರಿಸಿ ಜಾನಪದರಿಗೆ, ಅಂದರೆ ಹಳ್ಳಿಗಾಡಿನ ಜನರಿಗೆ, ಆಜ್ಞೆಯನ್ನು ತಿಳಿಸಬೇಕೆಂದು ವಿಧಿಸುವುದರಿಂದ, ಮಸ್ಕಿಯಲ್ಲಿಯೂ ಡಂಗುರದ ನಂತರ ಯಾರೋ ಸ್ಥಳೀಯ ನುಡಿಯಲ್ಲಿ ಅದರ ಸಾರವನ್ನು ಹೇಳಿರಬೇಕೆಂದು ಊಹಿಸುವುದು ನ್ಯಾಯವಾಗಿದೆ. ಇನ್ನೊಂದು ಕಡೆ ಅಶೋಕನ ಲೋಕ ಎಷ್ಟು ದೂರ ಚಾಚಿತ್ತೆಂಬುದಕ್ಕೆ ಅವನ ಹದಿಮೂರನೆಯ ಶಿಲಾಶಾಸನ ಸಾಕ್ಷಿ: ಅದರಲ್ಲಿ ಬರುವ ಐವರು ಯವನ ಅರಸರಲ್ಲಿ ಅಲಿಕಸುದರನೆಂಬುವನು ಎಪಿರಸ್ ದೇಶದ ಅಲೆಕ್ಸಾಂಡರನೆಂದು ಅನೇಕ ವಿದ್ವಾಂಸರು ತಿಳಿಯುತ್ತಾರೆ, ಅವನ ತಂದೆ ಪಿರಸ್ಸನು ದಕ್ಷಿಣ ಇಟಲಿಯ ಗ್ರೀಕ್ ನಗರವಾದ ತರಾಂತೊವಿನ ಕರೆಗೆ ಓಗೊಟ್ಟು ಕ್ರಿ.ಪೂ. 280ರಲ್ಲಿ ರೋಮನ್ನರ ವಿರುದ್ಧ ಯುದ್ಧಕ್ಕಿಳಿದವನು. ಮುಂದಿನ ಶತಮಾನಗಳಲ್ಲಿ ಈ ದೂರ ವ್ಯಾಪಾರದಿಂದ ಇನ್ನಷ್ಟು ಕುಗ್ಗಿತು; ಕ್ರಿ.ಶ. 79ರ ಜ್ವಾಲಾಮುಖಿಯಲ್ಲಿ ಹೂತುಹೋದ ಪಾಂಪೆ ನಗರದಲ್ಲಿ 1938ರಲ್ಲಿ ಸಿಕ್ಕು ಈಗ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿರುವ ಭಾರತೀಯ ದಂತದ ಸ್ತ್ರೀಪ್ರತಿಮೆ ಅದಕ್ಕೆ ಗುರುತು.

ಶಾಸನ ಪ್ರಕಟವಾದಂದಿನಿಂದ ಒಂದು ಪ್ರಶ್ನೆ ಮಸ್ಕಿಯನ್ನು ಬಿಟ್ಟಿಲ್ಲ. ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ, ಅಂದರೆ ರಾಜಕುಮಾರನೂ ಉನ್ನತ ಅಧಿಕಾರಿಗಳೂ, ಇಸಿಲವೆಂಬ ಊರಿನ ಮಹಾಮಾತ್ರರಿಗೆ ಆಜ್ಞೆ ಕಳುಹಿಸುತ್ತಾರೆ. ಮೌರ್ಯರ ದಕ್ಷಿಣ ಪ್ರಾಂತದ ರಾಜಧಾನಿಯಾಗಿದ್ದ ಆ ಸುವರ್ಣಗಿರಿ ಯಾವುದು? ಚಿನ್ನದ ಗಣಿಗಳ ಆಧಾರದಿಂದ ಕೃಷ್ಣಶಾಸ್ತ್ರಿಗಳು ಮಸ್ಕಿಯ ಪರಿಸರವನ್ನು ಸೂಚಿಸಿದರು. ಕೊಪ್ಪಳ ಜಿಲ್ಲೆಯ ಕನಕಗಿರಿಯನ್ನೂ, ಎರ್ರಗುಡಿ ಬಳಿಯ ಜೊನ್ನಗಿರಿಯನ್ನೂ ಹೇಳುವವರಿದ್ದಾರೆ. ಅಭಿಮಾನವನ್ನು ಬದಿಗಿಟ್ಟು ನೋಡಿದರೆ ಮಸ್ಕಿಯ ಉತ್ಖನನಗಳಲ್ಲಿ ಮೌರ್ಯರ ಪ್ರಾಂತೀಯ ರಾಜಧಾನಿಯನ್ನು ನಿಸ್ಸಂದೇಹವಾಗಿ ತೋರಿಸುವ ಕೋಟೆಯಾಗಲಿ ಅರಮನೆಯಾಗಲಿ ಹೊರಬಂದಿಲ್ಲ. 2010ರಿಂದ ಆಂಡ್ರ್ಯೂ ಬೌವರ್ ಮತ್ತು ಪೀಟರ್ ಜೊಹಾನ್ಸನ್ ಅವರು ಗುಡ್ಡ, ಹೊಲ, ಹಳ್ಳಗಳನ್ನು ಹೆಜ್ಜೆಹೆಜ್ಜೆಗೆ ಸರ್ವೇಕ್ಷಿಸುತ್ತ ಮಾಡಿರುವ ಅಧ್ಯಯನದ ಒಲವೂ ರಾಜಧಾನಿಯ ಹುಡುಕಾಟಕ್ಕಿಂತ ಸ್ಥಳೀಯ ಜನರ ವಸತಿ, ಲೋಹದ ಕೆಲಸ, ಸಮಾಧಿಗಳ ವಿನ್ಯಾಸ ಇವುಗಳ ಕಡೆಗೇ ಇದೆ. ಸುವರ್ಣಗಿರಿ ಬೇರೆ ಊರೆಂದು ನಾಳೆ ಸಿದ್ಧವಾದರೂ ಮಸ್ಕಿಯ ಗೌರವ ಕಡಿಮೆಯಾಗುವುದಿಲ್ಲ, ಏಕೆಂದರೆ ಆ ಗೌರವವು ಯಾವ ರಾಜಕುಮಾರನ ಬಿಡಾರದಿಂದಲೂ ಬಂದದ್ದಲ್ಲ. ಅದು ಬಂದದ್ದು ಮಣ್ಣಿನೊಳಗಿನ ಊರಿನಿಂದ, ಆದರೆ ಆ ಊರು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ನೇಪಲ್ಸ್‌ನಂತಹ ನಗರದಲ್ಲಿ ಗ್ರೀಕರು ಹಾಕಿದ ಬೀದಿಗಳ ಮೇಲೆಯೇ ಇಂದಿನ ಜನ ಓಡಾಡುತ್ತಾರೆ, ಸ್ಯಾನ್ ಲೊರೆಂಜೊ ಮಜ್ಜೋರೆ ಚರ್ಚಿನ ಅಡಿಯಲ್ಲಿ ಇಳಿದರೆ ರೋಮನ್ ಕಾಲದ ಮಾರುಕಟ್ಟೆಯ ಅಂಗಡಿಗಳು ಕಾಣುತ್ತವೆ. ಕಲ್ಲಿನಲ್ಲಿ ಕಟ್ಟಿದ ನಗರ ತನ್ನ ಪದರಗಳನ್ನು ಹಾಗೆ ತೋರಿಸಬಲ್ಲದು. ಮಸ್ಕಿಯ ಜನ ಮಣ್ಣು, ಬಿದಿರು, ಹುಲ್ಲುಗಳಿಂದ ಕಟ್ಟಿದರು, ಕಾಲಕಾಲಕ್ಕೆ ಗುಡ್ಡದ ಸುತ್ತ ವಸತಿಯನ್ನು ಸರಿಸುತ್ತ ಬಂದರು. ಆದ್ದರಿಂದ ಇಲ್ಲಿ ಊರಿನ ಚರಿತ್ರೆ ಒಂದೇ ದಿಬ್ಬದಲ್ಲಿ ಮೇಲೆಕೆಳಗಾಗಿ ಕುಳಿತಿಲ್ಲ. ಹತ್ತಾರು ಹೊಲಗಳಲ್ಲಿ ಅಡ್ಡಡ್ಡವಾಗಿ ಹರಡಿಕೊಂಡಿದೆ. ಅದನ್ನು ಓದಬೇಕಾದರೆ ಹೊಲಗಳು ಉಳಿಯಬೇಕು ಎಂಬುದನ್ನು ಮುಂದೆ ನೋಡಬಹುದು.

ಮಧ್ಯಕಾಲದಲ್ಲಿ ಮಸ್ಕಿ ಮತ್ತೆ ಅಕ್ಷರಗಳಲ್ಲಿ ಕಾಣಿಸಿಕೊಂಡಾಗ ಅದರ ಭಾಷೆ ಕನ್ನಡ, ಹೆಸರು ಪಿರಿಯ ಮೊಸಂಗಿ. ಕಲ್ಯಾಣ ಚಾಲುಕ್ಯ ವಂಶದ ಇಮ್ಮಡಿ ಜಯಸಿಂಹ ಜಗದೇಕಮಲ್ಲನ ಆಳ್ವಿಕೆಯ ಶಕ 949ರ, ಅಂದರೆ ಕ್ರಿ.ಶ. 1027ರ, ಶಾಸನ ಇದನ್ನು ರಾಜಧಾನಿಯೆಂದು ಕರೆಯುತ್ತದೆ. ಇದೇ ಜಯಸಿಂಹನು ಚೋಳ ರಾಜೇಂದ್ರನಿಗೆ ಬೆನ್ನು ತೋರಿದನೆಂದು ತಮಿಳು ಪ್ರಶಸ್ತಿಗಳು ಹೇಳುವ ಮುಯಂಗಿ ಅಥವಾ ಮುಸಂಗಿಯ ಕಾಳಗ ಕ್ರಿ.ಶ. 1021ರ ಸುಮಾರಿಗೆ ನಡೆದದ್ದು. ಆ ಮುಸಂಗಿ ಉಚ್ಚಂಗಿದುರ್ಗವೆಂಬ ಅಭಿಪ್ರಾಯವೂ ಇದೆಯಾದರೂ, ಅದೇ ಪ್ರಶಸ್ತಿಗಳು ಎಡೆದೊರೆ ನಾಡನ್ನು ಗೆದ್ದದ್ದನ್ನು ಹೇಳುವುದರಿಂದ ಮತ್ತು ಕೆಲವೇ ವರ್ಷಗಳ ನಂತರ ಜಯಸಿಂಹನದೇ ಶಾಸನ ಮೊಸಂಗಿಯಲ್ಲಿ ಇರುವುದರಿಂದ ಮಸ್ಕಿಯ ಪಕ್ಷ ಬಲವಾಗಿ ತೋರುತ್ತದೆ. ಸೋತನೆಂದು ಶತ್ರು ಹೇಳಿಕೊಂಡ ಸ್ಥಳದಲ್ಲಿಯೇ ಆರೇ ವರ್ಷಗಳಲ್ಲಿ ರಾಜಧಾನಿಯ ಬಿರುದಿನೊಡನೆ ಆಳುತ್ತಿದ್ದ ಅರಸನು ನಿಜಕ್ಕೂ ಎಷ್ಟು ಸೋತಿದ್ದನೆಂಬುದು ವಿಚಾರ ಮಾಡತಕ್ಕ ವಿಷಯ. ವಿಜಯನಗರ ಕಾಲದ ದಾಖಲೆಗಳಲ್ಲಿ ಮೊಸಗೆ ನಾಡು, ಮೊಸಗೆ ಸೀಮೆ ಎಂಬ ಆಡಳಿತ ಘಟಕಗಳ ಉಲ್ಲೇಖವಿದೆ. ಆ ಕಾಲದಲ್ಲಿ ಮುದಗಲ್ ಮತ್ತು ರಾಯಚೂರು ಕೋಟೆಗಳ ಮೇಲೆ ಬಹಮನಿ, ಆದಿಲಶಾಹಿ ಮತ್ತು ವಿಜಯನಗರದ ಅರಸರ ಕಣ್ಣು ನೆಟ್ಟು, 1520ರ ರಾಯಚೂರು ಯುದ್ಧದಂತಹ ಘಟನೆಗಳು ನಡೆದಾಗ, ಮಸ್ಕಿ ಚರಿತ್ರೆಯ ಅಂಚಿಗೆ ಸರಿಯಿತು. ನಿಜಾಮರ ಆಳ್ವಿಕೆ, 1948ರ ವಿಮೋಚನೆ, 1956ರ ಏಕೀಕರಣ ಇವೆಲ್ಲವನ್ನೂ ಅದು ಲಿಂಗಸುಗೂರು ತಾಲ್ಲೂಕಿನ ಒಂದು ಊರಾಗಿ ಕಂಡಿತು. ಗುಡ್ಡದ ಮೇಲಿನ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸುತ್ತಲಿನ ಜನ ಎರಡನೆಯ ಶ್ರೀಶೈಲವೆಂದು ನಂಬಿ ಬರುತ್ತಿದ್ದುದೇ ಈ ಶತಮಾನಗಳಲ್ಲಿ ಅದರ ಹೆಸರನ್ನು ಉಳಿಸಿದ್ದು. ತಾಲ್ಲೂಕು ಕೇಂದ್ರವೆಂಬ ಸ್ಥಾನ ಅದಕ್ಕೆ ದೊರೆತದ್ದು ತೀರ ಇತ್ತೀಚೆಗೆ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತುಂಗಭದ್ರೆಗೆ ಅಣೆಕಟ್ಟು ಆಗಿ ಎಡದಂಡೆ ಕಾಲುವೆ ಹರಿದ ಮೇಲೆ ಈ ಸೀಮೆಯ ಮುಖವೇ ಬದಲಾಯಿತು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಸಿಂಧನೂರಿನ ಕಡೆ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಕಟ್ಟಿದ ಕ್ಯಾಂಪುಗಳೂ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ವಸತಿಗಳೂ ಊರುಗಳ ಪಟ್ಟಿಗೆ ಸೇರಿದವು. ಮರಳದಿನ್ನಿಯ ಬಳಿ ಮಸ್ಕಿ ನಾಲೆಗೆ ಕಟ್ಟಿದ ಜಲಾಶಯ ಇನ್ನಷ್ಟು ಹೊಲಗಳಿಗೆ ನೀರು ಕೊಟ್ಟಿತು. ಬರದ ನಾಡಿನಲ್ಲಿ ನೀರು ಬಂದದ್ದು ದೊಡ್ಡ ಭಾಗ್ಯ. ಅದನ್ನು ಪರಂಪರೆಯ ಹೆಸರಿನಲ್ಲಿ ಹಳಿಯುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೂ ಗದ್ದೆಗೆ ನೆಲ ಸಮವಾಗಬೇಕು, ಸಮ ಮಾಡಲು ದಿಬ್ಬ ತೆಗೆಯಬೇಕು. ಬೂದಿದಿಬ್ಬಗಳ ಮಣ್ಣನ್ನು ಗೊಬ್ಬರಕ್ಕೂ ಇತರ ಕೆಲಸಗಳಿಗೂ ತಲೆಮಾರುಗಳಿಂದ ತೋಡಿ ಒಯ್ದಿದ್ದಾರೆ. ಗ್ರಾನೈಟಿಗಾಗಿ ಗುಡ್ಡಗಳನ್ನು ಸೀಳುವಾಗ ಅರೆಗುಳಿಗಳೂ ಬಂಡೆಚಿತ್ರಗಳೂ ಕಲ್ಲುವೃತ್ತಗಳೂ ಒಡೆದುಹೋಗುತ್ತವೆ. ಅಡ್ಡಡ್ಡವಾಗಿ ಹರಡಿದ ಊರಿಗೆ ಇದರಿಂದ ಆಗುವ ನಷ್ಟ, ಒಂದೇ ದಿಬ್ಬದಲ್ಲಿ ಹುದುಗಿದ ಊರಿಗೆ ಆಗುವ ನಷ್ಟಕ್ಕಿಂತ ಹೆಚ್ಚು.

ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಶಾಸನದ ಬಂಡೆಗೆ ಈ ರಕ್ಷಣೆ ಸಾಕಾಗಬಹುದು. ಆದರೆ ಆ ಶಾಸನವನ್ನು ಕೇಳಿಸಿಕೊಂಡವರ, ಅವರ ಹಿಂದಿನವರ ವಸತಿಗಳು ವಳಕಮದಿನ್ನಿಯಂತಹ ಹಳ್ಳಿಗಳ ಸೀಮೆಯವರೆಗೆ ಚದುರಿಹೋಗಿದ್ದು, ಬಹುಪಾಲು ರೈತರ ಪಟ್ಟಾ ಜಮೀನಿನಲ್ಲಿ ಇವೆ. ಅವುಗಳಿಗೆ ಬೇಲಿ ಹಾಕುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಸಾಧ್ಯವಿರುವುದು ದಾಖಲೆ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಪ್ರತಿ ಗ್ರಾಮದಲ್ಲಿಯೂ ದಿಬ್ಬ, ಬೂದಿ, ಕಲ್ಲುವೃತ್ತ, ಹಳೆ ಗಣಿಕುಳಿ, ವೀರಗಲ್ಲು, ಮಾಸ್ತಿಗಲ್ಲು, ಶಾಸನ ಇವುಗಳ ಪಟ್ಟಿಯನ್ನು ಸರ್ವೆ ನಂಬರಿನೊಡನೆ ಬರೆದು, ನೆಲ ಸಮ ಮಾಡುವ ಅಥವಾ ಕಲ್ಲು ತೆಗೆಯುವ ಅನುಮತಿ ಕೊಡುವಾಗ ಆ ಪಟ್ಟಿಯನ್ನು ನೋಡುವ ಕಟ್ಟುಪಾಡು ಮಾಡಿದರೆ, ಉಳಿಸಲಾಗದ್ದನ್ನು ಅಳಿಯುವ ಮೊದಲು ಅಳೆದು, ಚಿತ್ರ ತೆಗೆದು, ಒಡೆದ ಮಡಕೆಯ ಚೂರನ್ನಾದರೂ ಎತ್ತಿಡಲು ಸಮಯ ಸಿಗುತ್ತದೆ. ಶಾಸನಗಳ ಮಟ್ಟಿಗೆ ಈ ಕೆಲಸ ಬರಿಗೈಯಿಂದ ಆರಂಭವಾಗಬೇಕಿಲ್ಲ: ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಒಟ್ಟುಗೂಡಿಸಿ ಪಿ.ಬಿ. ದೇಸಾಯಿಯವರು 1958ರಲ್ಲಿ ಪ್ರಕಟಿಸಿದ ಸಂಪುಟ, ಮತ್ತು ನೆಲದ ಕುರುಹುಗಳ ಮಟ್ಟಿಗೆ ಥಾಪರ್ ಅವರ 1957ರ ವರದಿಯ ನಕ್ಷೆಗಳು, ಗ್ರಾಮಗಳ ಆ ಪಟ್ಟಿಗೆ ಮೊದಲ ಪುಟಗಳಾಗಬಲ್ಲವು.